ಗುರುವಿನ ಸಿಟ್ಟು, ಗುರುವಿನ ಶಕ್ತಿ: ಬಿಟ್ಟು ಬಂದ ಶಿಷ್ಯರ ನೆನಪುಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಗುರುವನ್ನು ಬಿಟ್ಟು ಬಂದವರು ನಾಲ್ಕು ಜನ ಸೇರಿದರೆ ಎರಡು ವಿಷಯ ಬಂದೇ ಬರುತ್ತವೆ. ಒಂದು ಗುರುವಿನ ಸಿಟ್ಟು. ಇನ್ನೊಂದು ಅವರಿಗಿದೆ ಎಂದು ಎಲ್ಲರೂ ನಂಬಿದ್ದ ಶಕ್ತಿ. ಇಂಥವರ ಮಾತನ್ನು ನಾನು ಬಹಳ ಕಾಲದಿಂದ ಕೇಳುತ್ತಾ ಬಂದಿದ್ದೇನೆ. ಅವರು ಕೇಳಿಕೊಳ್ಳುವ ಪ್ರಶ್ನೆಗಳು, ಮನೆಯವರು ಕೇಳುವ ಪ್ರಶ್ನೆಗಳು, ಹೊರಗಿನವರು ಸಂಶಯದಿಂದ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. ಅವನ್ನು ಇಲ್ಲಿ ಒಟ್ಟಿಗೆ ಇಟ್ಟಿದ್ದೇನೆ. ಸಿಟ್ಟನ್ನೂ ಶಕ್ತಿಯನ್ನೂ ಬೇರೆ ಬೇರೆ ಮಾಡಿ ನೋಡಿದರೆ ಎರಡೂ ಅರ್ಥವಾಗುವುದಿಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಅದು ಮುಂದೆ ಬರುತ್ತದೆ.

ಬಿಟ್ಟು ಬಂದವರಿಗೆ ಉಪದೇಶಕ್ಕಿಂತ ಬೈಗುಳವೇ ಯಾಕೆ ಜಾಸ್ತಿ ನೆನಪಿರುತ್ತದೆ?

ಉಪದೇಶ ಎಲ್ಲರಿಗೂ ಸೇರಿ ಒಂದೇ. ಸಿಟ್ಟು ಹಾಗಲ್ಲ, ಒಬ್ಬೊಬ್ಬರ ಮೇಲೆ ಒಂದೊಂದು ರೀತಿ ಬೀಳುತ್ತದೆ. ಎಲ್ಲರ ಮುಂದೆ ನಿಂತು ಬೈಸಿಕೊಂಡವರಿಗೆ ಅವತ್ತು ಯಾರು ನಕ್ಕರು, ಯಾರು ತಲೆ ತಗ್ಗಿಸಿದರು ಎಂಬುದೂ ನೆನಪಿರುತ್ತದೆ. ಕಾರಣ ಮಾತ್ರ ತೀರಾ ಸಣ್ಣದು. ಬಾಗಿಲು ಜೋರಾಗಿ ಹಾಕಿದ್ದು, ಮೈಕ್ ಕೈಕೊಟ್ಟದ್ದು, ಹೊತ್ತಲ್ಲದ ಹೊತ್ತಿನಲ್ಲಿ ಒಂದು ಪ್ರಶ್ನೆ ಕೇಳಿದ್ದು. ನಿನ್ನೆ ಇದೇ ತಪ್ಪಿಗೆ ನಕ್ಕಿದ್ದವರು ಇವತ್ತು ಕೆಂಡಾಮಂಡಲವಾಗುತ್ತಿದ್ದರು. ಯಾಕೆ ಎಂದು ತಿಳಿಯದ ಬೈಗುಳ ಮನಸ್ಸಿನಿಂದ ಬೇಗ ಹೋಗುವುದಿಲ್ಲ.

ಇನ್ನೊಂದು ಕಾರಣವೂ ಇದೆ. ಒಳಗಿದ್ದಾಗ ಪವಾಡದ ಕಥೆಯನ್ನು ದಿನಾ ಹೇಳಬಹುದಿತ್ತು. ಬೈಗುಳದ ಕಥೆ ಹೇಳಿದರೆ ಗುರುನಿಂದೆ ಆಗುತ್ತಿತ್ತು. ವರ್ಷಗಟ್ಟಲೆ ಗಂಟಲಲ್ಲೇ ನಿಂತಿದ್ದ ಮಾತು ಮೊದಲು ಹೊರಗೆ ಬರುತ್ತದೆ.

ಬೈಯದ ಗುರು ಯಾರಿದ್ದಾರೆ? ಸಂಗೀತ ಕಲಿಸುವ ಮೇಷ್ಟ್ರೂ ಬೈಯುತ್ತಾರೆ ಅಲ್ವಾ?

ಬೈಯುತ್ತಾರೆ. ಆದರೆ ಏನಕ್ಕೆ ಬೈದರು ಎಂದು ಕಲಿಯುವವರಿಗೆ ಗೊತ್ತಿರುತ್ತದೆ. ಸ್ವರ ತಪ್ಪಿತು, ಬೈದರು. ಸರಿಹೋಯಿತು, ಮುಗಿಯಿತು. ಮೇಷ್ಟ್ರೇ ತಪ್ಪಿದರೆ ಕೇಳುವ ಕಿವಿ ಇರುವ ಯಾರು ಬೇಕಾದರೂ ಹೇಳಬಹುದು.

ಬಿಟ್ಟು ಬಂದವರು ಹೇಳುವ ಸಿಟ್ಟು ಬೇರೆ ಜಾತಿಯದು. ಅದು ಕೆಲಸದ ಮೇಲಿನದ್ದಲ್ಲ, ಮನುಷ್ಯನ ಮೇಲಿನದ್ದು. "ನೀನು ಯಾವತ್ತೂ ಉದ್ಧಾರ ಆಗಲ್ಲ." "ನಿನ್ನ ಹಿಂದಿನ ಜನ್ಮ ನನಗೆ ಗೊತ್ತು." ಇದಕ್ಕೆ ಶಿಷ್ಯ ಏನು ಉತ್ತರ ಕೊಟ್ಟಾನು? ತಿದ್ದಿಕೊಳ್ಳುವುದಕ್ಕೂ ಅಲ್ಲಿ ಏನೂ ಇಲ್ಲ. ಕೈಮುಗಿದು ನಿಲ್ಲುವುದೊಂದೇ ದಾರಿ. ಕೈ ಎತ್ತಿದರಂತೂ ಅಲ್ಲಿ ಚರ್ಚೆ ಮುಗಿಯಿತು. ಹೊಡೆತಕ್ಕೆ ಆಧ್ಯಾತ್ಮಿಕ ಅರ್ಥ ಹುಡುಕುವ ಅಗತ್ಯ ಯಾರಿಗೂ ಇಲ್ಲ.

"ಅದು ಕೋಪ ಅಲ್ಲ, ಕೃಪೆ" ಎನ್ನುತ್ತಾರೆ. ಮಿಲರೇಪನ ಕಥೆಯನ್ನೂ ಹೇಳುತ್ತಾರೆ. ಅದಕ್ಕೇನು ಹೇಳುತ್ತೀರಿ?

ಟಿಬೆಟ್ಟಿನ ಈ ಕಥೆ ನಿಜಕ್ಕೂ ದೊಡ್ಡ ಕಥೆ. ಮಿಲರೇಪ ಮಾಟಮಂತ್ರದಿಂದ ಜನರನ್ನು ಕೊಂದಿದ್ದ. ಆ ಪಾಪದ ಭಾರ ಹೊತ್ತು ಮಾರ್ಪ ಎಂಬ ಗುರುವಿನ ಬಳಿ ಬಂದ. ಮಾರ್ಪ ಅವನ ಕೈಯಲ್ಲಿ ಕಲ್ಲಿನ ಗೋಪುರ ಕಟ್ಟಿಸಿದ, ಕೆಡವಿಸಿದ, ಮತ್ತೆ ಕಟ್ಟಿಸಿದ. ಬೈದ, ಹೊಡೆದ, ಬೆನ್ನು ಹುಣ್ಣಾಯಿತು. ಕೊನೆಗೆ ಉಪದೇಶ ಕೊಟ್ಟ. ಬೇರೆ ಬೇರೆ ಪಂಥಗಳ ಆಶ್ರಮಗಳಲ್ಲೂ ಈಗ ಈ ಕಥೆಯನ್ನು ಹೇಳುತ್ತಾರೆ.

ಹೇಳುವಾಗ ಕೆಲವು ವಿಷಯ ಬಿಟ್ಟುಹೋಗುತ್ತವೆ. ಮಿಲರೇಪ ಬದುಕಿದ್ದು 11 ಮತ್ತು 12ನೇ ಶತಮಾನದಲ್ಲಿ. ಎಲ್ಲರಿಗೂ ಗೊತ್ತಿರುವ ಅವನ ಚರಿತ್ರೆ ಬರೆದದ್ದು 15ನೇ ಶತಮಾನದ ಕೊನೆಯಲ್ಲಿ. ಅಂದರೆ ಕಣ್ಣಾರೆ ಕಂಡವರು ಬರೆದ ದಾಖಲೆ ಅಲ್ಲ, ಮೂರು ಶತಮಾನಕ್ಕೂ ಹೆಚ್ಚು ಕಾಲ ಭಕ್ತರ ನಡುವೆ ಬೆಳೆದ ಕಥೆ. ಆ ಕಥೆಯಲ್ಲೂ ಮಾರ್ಪನ ಹೆಂಡತಿ ದಗ್ಮೆಮಾ ಸುಮ್ಮನೆ ನೋಡುತ್ತಾ ನಿಲ್ಲುವುದಿಲ್ಲ. ಗಾಯಕ್ಕೆ ಮದ್ದು ಹಚ್ಚುತ್ತಾಳೆ, ಗಂಡನಿಗೆ ತಿಳಿಯದಂತೆ ಶಿಷ್ಯನನ್ನು ಬೇರೆ ಗುರುವಿನ ಬಳಿ ಕಳಿಸುತ್ತಾಳೆ. ಈ ಹೆಂಗಸಿನ ಬಗ್ಗೆ ಆಶ್ರಮಗಳಲ್ಲಿ ಯಾರೂ ಪ್ರವಚನ ಮಾಡುವುದನ್ನು ನಾನು ಕೇಳಿಲ್ಲ.

ಇನ್ನೊಂದು ಮಾತು. ಮಾರ್ಪನ ಸಿಟ್ಟಿಗೆ ಒಂದು ಗುರಿ ಇತ್ತು, ಒಂದು ಕೊನೆಯೂ ಇತ್ತು. ಇಪ್ಪತ್ತು ವರ್ಷ ಬೈಸಿಕೊಂಡೇ ಇದ್ದು, ಬೈಯುವವರ ಮೂಡ್ ನೋಡಿಕೊಂಡೇ ಬದುಕಿದವರಿಗೆ ಈ ಕಥೆಯಿಂದ ಏನೂ ಸಿಗುವುದಿಲ್ಲ.

ದುರ್ವಾಸರಿಗೆ ಸಿಟ್ಟೂ ಇತ್ತು, ತಪಸ್ಸಿನ ಶಕ್ತಿಯೂ ಇತ್ತು. ಎರಡೂ ಜೊತೆಗೇ ಇರಬಹುದಲ್ಲ?

ನಮ್ಮ ತಲೆಯಲ್ಲಿ ಈ ಜೋಡಿ ಕೂತುಬಿಟ್ಟಿರುವುದೇ ಈ ಕಥೆಗಳಿಂದ. ಆದರೆ ಪುರಾಣ ದುರ್ವಾಸರ ಸಿಟ್ಟನ್ನು ಹೊಗಳುವುದಿಲ್ಲ. ಅಂಬರೀಷನ ಕಥೆಯಲ್ಲಿ ತಮ್ಮ ಸಿಟ್ಟಿನ ಫಲವಾಗಿ ಬೆನ್ನಟ್ಟಿದ ವಿಷ್ಣುಚಕ್ರಕ್ಕೆ ಹೆದರಿ ಓಡಿ ಓಡಿ ಸುಸ್ತಾಗಿ ಕೊನೆಗೆ ಆ ರಾಜನ ಕಾಲಿಗೇ ಬೀಳುವವರು ದುರ್ವಾಸರು.

"ನನ್ನ ಮನಸ್ಸಿನಲ್ಲಿದ್ದದ್ದನ್ನು ನಾನು ಹೇಳುವ ಮೊದಲೇ ಹೇಳಿದರು." ಇದು ಹೇಗೆ ಸಾಧ್ಯ?

ಬಿಟ್ಟು ಬಂದ ಎಷ್ಟೋ ವರ್ಷಗಳ ಮೇಲೂ ಕಾಡುವ ಪ್ರಶ್ನೆ ಇದೇ. ಉಳಿದದ್ದೆಲ್ಲ ಸುಳ್ಳು ಎಂದು ಒಪ್ಪಿದವರೂ ಇಲ್ಲಿ ತಡೆಯುತ್ತಾರೆ. ಆದ್ದರಿಂದ ಸ್ವಲ್ಪ ನಿಧಾನವಾಗಿ ನೋಡೋಣ.

ಮೊದಲನೆಯದು, ಎಲ್ಲರಿಗೂ ಹೊಂದುವ ಮಾತುಗಳು. 1948ರಲ್ಲಿ ಬರ್ಟ್ರಮ್ ಫೋರರ್ ಎಂಬ ಮನೋವಿಜ್ಞಾನಿ ತನ್ನ 39 ವಿದ್ಯಾರ್ಥಿಗಳಿಗೆ ಒಂದು ಪರೀಕ್ಷೆ ಕೊಟ್ಟರು. ಒಂದು ವಾರದ ನಂತರ ಪ್ರತಿಯೊಬ್ಬರಿಗೂ ಅವರ ಸ್ವಭಾವದ ವರ್ಣನೆಯನ್ನು ಕೈಗಿತ್ತು, ಎಷ್ಟು ಸರಿಯಿದೆ ಎಂದು 5ಕ್ಕೆ ಅಂಕ ಹಾಕಲು ಹೇಳಿದರು. ಸರಾಸರಿ 4.26 ಬಂತು. ಆಮೇಲೆ ಗೊತ್ತಾಯಿತು, ಎಲ್ಲರ ಕೈಯಲ್ಲೂ ಇದ್ದದ್ದು ಅದೇ ಒಂದು ವರ್ಣನೆ. ಬಹುಪಾಲು ಜ್ಯೋತಿಷ್ಯದ ಪುಸ್ತಕದಿಂದ ಎತ್ತಿದ್ದು. "ಹೊರಗೆ ಗಟ್ಟಿಯಾಗಿ ಕಾಣುತ್ತೀಯ, ಒಳಗೆ ಚಿಂತೆ ಇದೆ" ಎಂದರೆ ಯಾರಿಗೆ ತಾನೇ ಹೊಂದುವುದಿಲ್ಲ?

ಎರಡನೆಯದು, ಮಾಹಿತಿ ಮೊದಲೇ ಮುಟ್ಟಿರುತ್ತದೆ. ದರ್ಶನಕ್ಕೆ ಕಾಯುವಾಗ ಪಕ್ಕದವರ ಜೊತೆ ಆಡಿದ ಮಾತು, ಬರೆದುಕೊಟ್ಟ ಚೀಟಿ, ಸೇವಕರ ಬಳಿ ತೋಡಿಕೊಂಡ ಕಷ್ಟ, ಎಲ್ಲವೂ ಒಳಗೆ ಹೋಗುತ್ತವೆ. ಅಮೆರಿಕದ ಕ್ರೈಸ್ತ ಧರ್ಮಬೋಧಕ ಪೀಟರ್ ಪೊಪಾಫ್ ಸಾವಿರಾರು ಜನರ ನಡುವೆ ಅಪರಿಚಿತರ ಹೆಸರು, ವಿಳಾಸ, ಕಾಯಿಲೆ ಹೇಳುತ್ತಿದ್ದರು. ಜನ ದೇವರೇ ಹೇಳುತ್ತಿದ್ದಾನೆ ಎಂದು ಅಳುತ್ತಿದ್ದರು. 1986ರಲ್ಲಿ, ಇಂಥ ಮೋಸಗಳನ್ನು ಬಯಲು ಮಾಡುತ್ತಿದ್ದ ಜಾದೂಗಾರ ಜೇಮ್ಸ್ ರಾಂಡಿ ಮತ್ತು ಸಂಗಡಿಗರು ಸಭೆಗೆ ರೇಡಿಯೊ ಸ್ಕ್ಯಾನರ್ ಒಯ್ದರು. ಜನ ಬರೆದುಕೊಟ್ಟ ಚೀಟಿಗಳನ್ನು ಪೊಪಾಫ್ ಹೆಂಡತಿ ಓದುತ್ತಿದ್ದರು. ಅದು ಪೊಪಾಫ್ ಕಿವಿಯಲ್ಲಿದ್ದ ಸಣ್ಣ ಯಂತ್ರದಲ್ಲಿ ಕೇಳುತ್ತಿತ್ತು. ಆ ಧ್ವನಿಯನ್ನು ರೆಕಾರ್ಡ್ ಮಾಡಿ ಟಿವಿಯಲ್ಲಿ ಕೇಳಿಸಿದರು. ಮಾರನೇ ವರ್ಷ ಪೊಪಾಫ್ ದಿವಾಳಿ ಅರ್ಜಿ ಹಾಕಿದರು. ನನಗೆ ಇದಕ್ಕಿಂತ ಆಶ್ಚರ್ಯದ ವಿಷಯ, ಕೆಲವು ವರ್ಷ ಬಿಟ್ಟು ಅವರು ಮತ್ತೆ ಬಂದರು, ಜನವೂ ಬಂದರು.

ಮೂರನೆಯದಕ್ಕೆ ಯಾರ ಮೋಸವೂ ಬೇಕಾಗಿಲ್ಲ. ಹತ್ತು ಹೇಳಿಕೆಯಲ್ಲಿ ಒಂದು ಸರಿಹೋದರೆ ಆ ಒಂದು ಮನೆಮನೆಗೂ ಹೋಗುತ್ತದೆ. ಉಳಿದ ಒಂಬತ್ತನ್ನು ಹೇಳಿದವರೂ ಮರೆಯುತ್ತಾರೆ, ಕೇಳಿದವರೂ ಮರೆಯುತ್ತಾರೆ. ಜೊತೆಗೆ ಕೆಲವರಿಗೆ ಮುಖ ನೋಡಿ ಮನಸ್ಸು ಓದುವ ಚುರುಕು ನಿಜವಾಗಿಯೂ ಇರುತ್ತದೆ. ದಿನಾ ನೂರು ಜನರ ಕಷ್ಟ ಕೇಳುವವರಿಗೆ ಅದು ಇನ್ನೂ ಹರಿತವಾಗುತ್ತದೆ. ಅದನ್ನು ನಾನು ಒಪ್ಪುತ್ತೇನೆ. ಅದು ಮನುಷ್ಯರ ಸಾಮರ್ಥ್ಯ.

ಕಣ್ಣಾರೆ ಕಂಡ ಪವಾಡಗಳು?

ಗಾಳಿಯಿಂದ ವಿಭೂತಿ ತೆಗೆಯುವುದಕ್ಕೆ ಗಂಜಿಯಲ್ಲಿ ಕಲಸಿ ಒಣಗಿಸಿದ ಬೂದಿಯ ಗುಳಿಗೆ ಸಾಕು. ಬೆರಳ ಸಂದಿಯಲ್ಲಿ ಇಟ್ಟುಕೊಂಡು ಪುಡಿ ಮಾಡಿದರಾಯಿತು. ಕಡ್ಡಿ ಗೀರದೆ ಹೋಮದ ಬೆಂಕಿ ಹತ್ತಬೇಕೆಂದರೆ ಪೊಟ್ಯಾಸಿಯಂ ಪರ್ಮಾಂಗನೇಟ್ ಮೇಲೆ ತುಪ್ಪದ ಹಾಗೆ ಕಾಣುವ ಗ್ಲಿಸರಿನ್ ಸುರಿದರೆ ಸ್ವಲ್ಪ ಹೊತ್ತಿನಲ್ಲಿ ತಾನೇ ಉರಿಯುತ್ತದೆ. ಕಂಕುಳಲ್ಲಿ ಸಣ್ಣ ಚೆಂಡು ಒತ್ತಿ ಹಿಡಿದರೆ ಮಣಿಕಟ್ಟಿನ ನಾಡಿ ಸಿಗುವುದಿಲ್ಲ. ವಿಚಾರವಾದಿ ಬಸವ ಪ್ರೇಮಾನಂದ ಇಂಥವನ್ನು ಊರೂರು ಸುತ್ತಿ ಮಾಡಿ ತೋರಿಸಿದರು.

ಸವಾಲು ಹಾಕಿದವರೂ ಇದ್ದಾರೆ. ಕೇರಳದಲ್ಲಿ ಹುಟ್ಟಿ ಶ್ರೀಲಂಕಾದಲ್ಲಿ ನೆಲೆಸಿದ್ದ ವಿಚಾರವಾದಿ ಅಬ್ರಹಾಂ ಕೋವೂರ್ 1963ರಲ್ಲಿ, ಮೋಸಕ್ಕೆ ಜಾಗವಿಲ್ಲದಂತೆ ಪವಾಡ ತೋರಿಸಿದವರಿಗೆ ಒಂದು ಲಕ್ಷ ಶ್ರೀಲಂಕಾ ರೂಪಾಯಿ ಕೊಡುತ್ತೇನೆ ಎಂದರು. ರಾಂಡಿ ಸಂಸ್ಥೆಯ ಹತ್ತು ಲಕ್ಷ ಡಾಲರ್ ಬಹುಮಾನ 2015ರ ತನಕ ತೆರೆದೇ ಇತ್ತು. ಎರಡನ್ನೂ ಯಾರೂ ಗೆಲ್ಲಲಿಲ್ಲ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯನವರು 1976ರಲ್ಲಿ ಪವಾಡಗಳನ್ನು ಪರಿಶೀಲಿಸಲು ಒಂದು ಸಮಿತಿಯನ್ನೇ ಮಾಡಿದರು. ಕರೆದರೂ ಪರೀಕ್ಷೆಗೆ ದೊಡ್ಡವರು ಬರಲಿಲ್ಲ. ಕರೆದದ್ದಕ್ಕೆ ಸಿಟ್ಟಾದವರು ಮಾತ್ರ ಬಹಳ ಜನ. ಇಲ್ಲಿಂದ ಮುಂದಿನ ಪ್ರಶ್ನೆಗೆ ದಾರಿ ನೇರ.

ಸಿಟ್ಟಿಗೂ ಶಕ್ತಿಗೂ ಏನು ಸಂಬಂಧ?

ಸಿಟ್ಟು ಶಕ್ತಿಯನ್ನು ಕಾಯುತ್ತದೆ. ಶಕ್ತಿ ಸಿಟ್ಟಿಗೆ ಅರ್ಥ ಕೊಡುತ್ತದೆ. ಬಿಟ್ಟು ಬಂದವರ ಮಾತು ಕೇಳಿದಷ್ಟೂ ನನಗೆ ಇದೇ ಸ್ಪಷ್ಟವಾಗುತ್ತಾ ಹೋಯಿತು.

ಗುರುವಿಗೆ ಎಲ್ಲವೂ ಗೊತ್ತು ಎಂದು ನಂಬಿದವನು ಸುಮ್ನೆ ಬೈಸಿಕೊಂಡಾಗ ಏನು ಯೋಚಿಸುತ್ತಾನೆ? ನನಗೆ ಕಾಣದ ಯಾವುದೋ ತಪ್ಪು ಅವರಿಗೆ ಕಂಡಿದೆ. ನನ್ನ ಕರ್ಮ ತೊಳೆಯುತ್ತಿದ್ದಾರೆ. ನನ್ನ ಅಹಂಕಾರ ಮುರಿಯುತ್ತಿದ್ದಾರೆ. ಸಾಮಾನ್ಯ ಮನುಷ್ಯ ಬೈದಿದ್ದರೆ "ಇವರಿಗೆ ಇವತ್ತು ಏನೋ ಆಗಿದೆ" ಎಂದು ಬಿಡುತ್ತಿದ್ದ. ಇಲ್ಲಿ ಬಿಡಲಾಗುವುದಿಲ್ಲ.

ಇನ್ನು ಆ ಕಡೆಯಿಂದ ನೋಡಿ. ಶಕ್ತಿಯನ್ನು ಪರೀಕ್ಷೆ ಮಾಡಬೇಕಾದರೆ ಯಾರೋ ಒಬ್ಬರು ಕೇಳಬೇಕು. ಹೇಳಿದ್ದು ಆಗಲಿಲ್ಲವಲ್ಲ, ಯಾಕೆ? ಕಾಯಿಲೆ ವಾಸಿಯಾಗುತ್ತದೆ ಎಂದಿರಿ, ಜಾಸ್ತಿ ಆಯಿತಲ್ಲ? ಕೇಳಿದ ತಕ್ಷಣ ಸಿಡಿಲು. "ನಿನಗೆ ನಂಬಿಕೆ ಇಲ್ಲ, ಅದಕ್ಕೇ ಆಗಲಿಲ್ಲ." ಅವತ್ತು ಕೇಳಿದವರ ಗತಿ ನೋಡಿದ ಮೇಲೆ ಉಳಿದವರು ಕೇಳುವುದೇ ಇಲ್ಲ. ಯಾರೂ ಕೇಳದ ಕಡೆ ಯಾವ ಶಕ್ತಿಯೂ ಸುಳ್ಳಾಗುವುದಿಲ್ಲ.

"ಹರ ಮುನಿದರೆ ಗುರು ಕಾಯ್ವ, ಗುರು ಮುನಿದರೆ ಕಾಯುವವರಿಲ್ಲ" ಎಂಬ ಮಾತು ಕೇಳಿರುತ್ತೀರಿ. ಅದನ್ನು ಹೆದರಿಸಲು ಬಳಸಿದರೆ ಏನಾಗುತ್ತದೆ ನೋಡಿ. ಗುರು ಸಿಟ್ಟಾದ ಮೇಲೆ ಒಬ್ಬರಿಗೆ ಅಪಘಾತವಾದರೆ ಅದು ಗುರುವಿನ ಶಕ್ತಿಗೆ ಸಾಕ್ಷಿ. ಬೈಸಿಕೊಂಡ ಉಳಿದವರು ಆರಾಮಾಗಿದ್ದರೆ ಅದು ಗುರುವಿನ ಕರುಣೆಗೆ ಸಾಕ್ಷಿ. ಎರಡೂ ಕಡೆ ಗೆಲುವು ಅವರದೇ.

ಹತ್ತಿರದ ಸೇವಕರ ಪಾತ್ರವೂ ಇಲ್ಲಿ ದೊಡ್ಡದು. ಬಾಗಿಲ ಹೊರಗೆ ಎಲ್ಲರೂ ಮೊದಲು ಕೇಳುವುದು "ಇವತ್ತು ಹೇಗಿದ್ದಾರೆ?" ಎಂದೇ. ಆ ಉತ್ತರ ಗೊತ್ತಿರುವವರಿಗೆ ಅಲ್ಲಿ ಬೆಲೆ. ಗುರು ಶಾಂತವಾಗಿಬಿಟ್ಟರೆ ಆ ಬೆಲೆ ಹೋಗುತ್ತದೆ. ಹಾಗಾಗಿ ಸಿಟ್ಟನ್ನು ಕಡಿಮೆ ಮಾಡಿ ಎಂದು ಹೇಳಬಹುದಾದ ಜನರೇ ಅದಕ್ಕೆ ಅರ್ಥ ಹಚ್ಚಿ ಹಂಚುತ್ತಾರೆ.

ಇದು ಎಲ್ಲಿಗೆ ಮುಟ್ಟುತ್ತದೆ ಎಂಬುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. 1975ರಲ್ಲಿ ಅಮೆರಿಕದ ಕೊಲೊರಾಡೊದಲ್ಲಿ ಟಿಬೆಟ್ ಗುರು ಚೋಗ್ಯಾಮ್ ಟ್ರುಂಗ್ಪಾ ಒಂದು ಶಿಬಿರ ನಡೆಸುತ್ತಿದ್ದರು. ಕವಿ ಡಬ್ಲ್ಯು. ಎಸ್. ಮರ್ವಿನ್ ಮತ್ತು ಅವರ ಜೊತೆಗಾತಿ ಒಂದು ರಾತ್ರಿಯ ಪಾರ್ಟಿಯಿಂದ ಬೇಗ ಎದ್ದು ಕೋಣೆಗೆ ಹೋದರು. ಗುರುವಿನ ಅಪ್ಪಣೆಯಂತೆ ಶಿಷ್ಯರು ಕೋಣೆಗೆ ನುಗ್ಗಿ ಇಬ್ಬರನ್ನೂ ಎಳೆತಂದರು. ಎಲ್ಲರ ಎದುರು ಅವರ ಬಟ್ಟೆ ಬಿಚ್ಚಿಸಲಾಯಿತು. ಸುತ್ತ ಇದ್ದದ್ದು ಓದಿದ, ಒಳ್ಳೆಯ ಮನಸ್ಸಿನ ಜನ. ತಡೆಯಲು ಮುಂದೆ ಬಂದವರು ತೀರಾ ಕಡಿಮೆ. ಇದನ್ನೂ ಗುರುವಿನ ಪಾಠ ಎಂದು ವಿವರಿಸಿದವರಿದ್ದರು.

ಅವರ ಮುಂದೆ ಕೂತಾಗ ನನಗೆ ನಿಜವಾಗಿ ಶಾಂತಿ ಸಿಗುತ್ತಿತ್ತು. ಅದೂ ಸುಳ್ಳಾ?

ಸುಳ್ಳಲ್ಲ. ನೀವು ಧ್ಯಾನ ಮಾಡಿದ್ದು ನಿಜ. ನೂರಾರು ಜನ ಒಟ್ಟಿಗೆ ಹಾಡಿದಾಗ ಮೈ ಜುಮ್ಮೆಂದದ್ದು ನಿಜ. ಆ ಅನುಭವ ನಿಮ್ಮ ಮೈಮನಸ್ಸಿನಲ್ಲಿ ಹುಟ್ಟಿತು, ಆದ್ದರಿಂದ ಅದು ನಿಮ್ಮದು. ಗುರುವಿನ ತಪ್ಪನ್ನು ಒಪ್ಪಿಕೊಂಡರೆ ಇದನ್ನೂ ಕಳೆದುಕೊಳ್ಳಬೇಕು ಎಂದು ಅಂಜಿ ಎಷ್ಟೋ ಜನ ಸತ್ಯ ನೋಡಲು ಹಿಂಜರಿಯುತ್ತಾರೆ. ಕಳೆದುಕೊಳ್ಳಬೇಕಾಗಿಲ್ಲ. ಇವತ್ತಿಗೂ ಅದೇ ಜಪ ಮಾಡುವ, ಗುರುವನ್ನು ಮಾತ್ರ ಬಿಟ್ಟಿರುವ ಹಲವರನ್ನು ನಾನು ಬಲ್ಲೆ.

ಇಷ್ಟೆಲ್ಲ ಆದರೂ ಯಾಕೆ ಬಿಟ್ಟು ಬರಲಿಲ್ಲ?

ಈ ಪ್ರಶ್ನೆಯನ್ನು ದಯವಿಟ್ಟು ಮೆಲ್ಲಗೆ ಕೇಳಿ. ಇದರಲ್ಲಿ ಒಂದು ಆರೋಪ ಅಡಗಿರುತ್ತದೆ.

ದಿನಾ ಬೈಯುವವರನ್ನು ಬಿಡುವುದು ಸುಲಭ. ಒಂದು ದಿನ ಬೈದು, ಮೂರು ದಿನ ಮುಖ ನೋಡದೆ, ನಾಲ್ಕನೇ ದಿನ ಕರೆದು ತಲೆ ಸವರುವವರನ್ನು ಬಿಡುವುದು ಬಹಳ ಕಷ್ಟ. ಹಿಂಸೆ ಇರುವ ಸಂಸಾರಗಳನ್ನು ನೋಡಿದ ಡೊನಾಲ್ಡ್ ಡಟನ್ ಮತ್ತು ಸೂಸನ್ ಪೇಂಟರ್ 1981ರಲ್ಲಿ ಇದನ್ನೇ ಬರೆದರು. ಅಧಿಕಾರ ಒಬ್ಬರ ಕೈಯಲ್ಲೇ ಇದ್ದು, ನೋವೂ ಪ್ರೀತಿಯೂ ಬಿಟ್ಟು ಬಿಟ್ಟು ಸಿಕ್ಕರೆ ನಂಟು ಸಡಿಲವಾಗುವ ಬದಲು ಬಿಗಿಯಾಗುತ್ತದೆ. ತಲೆ ಸವರಿದ ಆ ಒಂದು ಗಳಿಗೆಗಾಗಿ ವರ್ಷಗಟ್ಟಲೆ ಕಾಯುತ್ತಾರೆ.

ಮನೆ, ಕೆಲಸ, ದುಡ್ಡು, ಗೆಳೆಯರು ಎಲ್ಲವೂ ಅಲ್ಲೇ ಇರುತ್ತವೆ. ಹೊರಗೆ ಬಂದರೆ ಬಾಡಿಗೆ ಮನೆಗೆ ಮುಂಗಡ ಕೊಡಲೂ ಕೈಯಲ್ಲಿ ಏನೂ ಇರುವುದಿಲ್ಲ.

ಇಷ್ಟು ಓದಿದವರೂ ನಂಬುತ್ತಾರಲ್ಲ?

ಓದು ಕೈಚಳಕದಿಂದ ಕಾಪಾಡುವುದಿಲ್ಲ. ಅಮೆರಿಕದ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಅತೀಂದ್ರಿಯ ಶಕ್ತಿಯ ಸಂಶೋಧನಾಲಯಕ್ಕೆ 1979ರಲ್ಲಿ, ತಮಗೆ ಅಂಥ ಶಕ್ತಿ ಇದೆ ಎಂದು ಹೇಳಿಕೊಂಡು ಇಬ್ಬರು ಹುಡುಗರು ಬಂದು ಸೇರಿದರು. ಇಬ್ಬರೂ ರಾಂಡಿ ಕಳಿಸಿದ ಜಾದೂಗಾರರು. 1983ರಲ್ಲಿ ರಾಂಡಿ ಬಾಯಿ ಬಿಡುವ ತನಕ ವಿಜ್ಞಾನಿಗಳಿಗೆ ಗೊತ್ತಾಗಲಿಲ್ಲ.

ಬಿಟ್ಟು ಬಂದವರು ದ್ವೇಷದಿಂದ ಹೇಳುತ್ತಿರಬಹುದು. ಅವರ ಮಾತು ನಂಬಬಹುದಾ?

ನ್ಯಾಯವಾದ ಪ್ರಶ್ನೆ. ಬ್ರಿಟನ್ನಿನ ಸಮಾಜಶಾಸ್ತ್ರಜ್ಞ ಬ್ರಯಾನ್ ವಿಲ್ಸನ್, ಬಿಟ್ಟು ಬಂದವರ ಮಾತನ್ನು ಪೂರ್ತಿ ನೆಚ್ಚಬಾರದು ಎಂದು ವಾದಿಸಿದ್ದರು. ತಾನು ಬಿಟ್ಟದ್ದು ಸರಿ ಎಂದು ತೋರಿಸುವ ಒತ್ತಡ ಅವರ ಮೇಲಿರುತ್ತದೆ ಎಂಬುದು ಅವರ ಕಾರಣ. ಇದರಲ್ಲಿ ಸ್ವಲ್ಪ ನಿಜವಿದೆ. ಆದರೆ ಒಳಗೇ ಉಳಿದವರ ಮೇಲೂ ಅಂಥದೇ ಒತ್ತಡ ಇರುತ್ತದೆ, ಅಲ್ವಾ? ತಾನು ಉಳಿದದ್ದು ಸರಿ ಎಂದು ಅವರೂ ತೋರಿಸಬೇಕು.

ನೆನಪಿನ ತೊಂದರೆ ಬೇರೆ. 1974ರಲ್ಲಿ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ ವಿದ್ಯಾರ್ಥಿಗಳಿಗೆ ಕಾರು ಅಪಘಾತದ ಚಿತ್ರ ತೋರಿಸಿದರು. ಕಾರುಗಳು ಜಜ್ಜಿಕೊಂಡಾಗ ವೇಗ ಎಷ್ಟಿತ್ತು ಎಂದು ಕೇಳಿಸಿಕೊಂಡವರು, ತಾಗಿದಾಗ ಎಷ್ಟಿತ್ತು ಎಂದು ಕೇಳಿಸಿಕೊಂಡವರಿಗಿಂತ ಜಾಸ್ತಿ ವೇಗ ಹೇಳಿದರು. ವಾರದ ಮೇಲೆ, ಚಿತ್ರದಲ್ಲಿ ಇಲ್ಲದ ಒಡೆದ ಗಾಜನ್ನು ಕಂಡಿದ್ದೇವೆ ಎಂದವರೂ ಅವರಲ್ಲೇ ಜಾಸ್ತಿ. ಹತ್ತು ಜನ ಸೇರಿ ಒಂದೇ ಘಟನೆ ನೆನೆಸಿಕೊಳ್ಳುವಾಗ ಒಬ್ಬರ ಮಾತು ಇನ್ನೊಬ್ಬರ ನೆನಪಿಗೆ ಸೇರಿಕೊಳ್ಳುತ್ತದೆ. ಪವಾಡದ ಕಥೆಗಳು ಬೆಳೆಯುವುದೂ ಹೀಗೇ ಎಂಬುದನ್ನು ಮರೆಯಬಾರದು.

ಹಾಗಾದರೆ ಏನು ನೋಡಬೇಕು? ಒಬ್ಬರಿಗೊಬ್ಬರು ಗೊತ್ತಿಲ್ಲದ, ಬೇರೆ ಬೇರೆ ವರ್ಷ ಬಿಟ್ಟು ಬಂದವರು ಒಂದೇ ರೀತಿಯ ಘಟನೆ ಹೇಳುತ್ತಾರಾ? ಆಗಿನ ಪತ್ರ, ದಿನಚರಿ ಇದೆಯಾ? ಗುರುವಿನ ಒಳ್ಳೆಯದನ್ನೂ ಹೇಳುತ್ತಾರಾ? 2017ರ ಜುಲೈನಲ್ಲಿ ಟಿಬೆಟ್ ಬೌದ್ಧ ಗುರು ಸೋಗ್ಯಾಲ್ ರಿಂಪೋಚೆ ಅವರ ಎಂಟು ಜನ ಹಳೆಯ ಶಿಷ್ಯರು ಬರೆದ ಪತ್ರವನ್ನು ನೋಡಿ. ಹೊಡೆತ, ಲೈಂಗಿಕ ಶೋಷಣೆ, ಸಾವಿರಕ್ಕೂ ಹೆಚ್ಚು ಜನರ ಎದುರು ಸನ್ಯಾಸಿನಿಯೊಬ್ಬರ ಹೊಟ್ಟೆಗೆ ಗುದ್ದಿದ್ದು, ಎಲ್ಲವನ್ನೂ ಅವರು ಬರೆದಿದ್ದರು. ಆ ಗುರುವಿನ ಸಂಸ್ಥೆಯೇ ಒಂದು ಕಾನೂನು ಸಂಸ್ಥೆಯಿಂದ ತನಿಖೆ ಮಾಡಿಸಿತು. ಕೆಲವು ಶಿಷ್ಯರು ದೈಹಿಕ, ಲೈಂಗಿಕ, ಮಾನಸಿಕ ಹಿಂಸೆಗೆ ಗುರಿಯಾದದ್ದು ನಿಜ ಎಂದು 2018ರ ವರದಿ ಹೇಳಿತು. ಹಿಂದೆಲ್ಲ ಇದೇ ಮಾತು ಹೇಳಿದವರಿಗೆ ದ್ವೇಷದ ಪಟ್ಟ ಸಿಕ್ಕಿತ್ತು.

ಗುರುವನ್ನು ಪರೀಕ್ಷಿಸುವುದು ಪಾಪ ಅಲ್ವಾ?

ಬುದ್ಧನನ್ನೇ ಪರೀಕ್ಷಿಸಿ ನೋಡಿ ಎಂದು ಬುದ್ಧ ಹೇಳುವ ವೀಮಂಸಕ ಸುತ್ತ ಎಂಬ ಉಪದೇಶ ಬೌದ್ಧರ ಪಾಲಿ ಗ್ರಂಥವಾದ ಮಜ್ಝಿಮ ನಿಕಾಯದಲ್ಲಿದೆ. ಕಣ್ಣಿಗೆ ಕಾಣುವ ನಡತೆ, ಕಿವಿಗೆ ಬೀಳುವ ಮಾತು, ಎರಡರಲ್ಲೂ ಕೊಳೆ ಇದೆಯೇ ನೋಡಿ ಎನ್ನುತ್ತಾನೆ. ಪಿಂಡೋಲ ಭಾರದ್ವಾಜ ಎಂಬ ಭಿಕ್ಷು ಗಾಳಿಯಲ್ಲಿ ಹಾರಿ ಗಂಧದ ಮರದ ಬಟ್ಟಲು ತಂದನೆಂದು ಕಥೆ. ಬುದ್ಧ ಮೆಚ್ಚಲಿಲ್ಲ. ಜನರ ಮುಂದೆ ಶಕ್ತಿ ತೋರಿಸಬಾರದು ಎಂದು ನಿಯಮ ಮಾಡಿದ. ಪತಂಜಲಿಯೂ ಸಿದ್ಧಿಗಳನ್ನು ಎಣಿಸಿ, ಅವು ಸಮಾಧಿಗೆ ಅಡ್ಡಿ ಎನ್ನುತ್ತಾನೆ. 1993ರಲ್ಲಿ ಧರ್ಮಶಾಲೆಗೆ ಬಂದ ಪಶ್ಚಿಮದ ಬೌದ್ಧ ಗುರುಗಳು ದಲೈ ಲಾಮಾ ಅವರನ್ನು ಇದೇ ವಿಷಯ ಕೇಳಿದಾಗ, ಸಾಕ್ಷಿ ಇದ್ದರೆ ಗುರುವಿನ ತಪ್ಪನ್ನು ಬಹಿರಂಗ ಮಾಡಿ ಎಂದರು.

ಬಿಟ್ಟು ಬಂದೆ. ಆದರೂ ಶಾಪ ತಟ್ಟುತ್ತದೆ ಎಂಬ ಭಯ ಹೋಗುತ್ತಿಲ್ಲ.

ಇದು ಬಹಳ ಜನರಿಗೆ ಆಗುತ್ತದೆ. ನಾಚಿಕೆ ಪಡಬೇಡಿ. ವರ್ಷಗಟ್ಟಲೆ ಒಬ್ಬರ ಹೆಜ್ಜೆ ಸಪ್ಪಳಕ್ಕೆ ಬೆದರಿದ ಮೈಗೆ, ಅವರು ದೂರದಲ್ಲಿದ್ದಾರೆ ಎಂದು ತಿಳಿಯಲು ಸಮಯ ಬೇಕು. ಎದೆ ಹೊಡೆದುಕೊಳ್ಳುವುದು, ನಿದ್ದೆ ಬಾರದಿರುವುದು, ಕನಸಿನಲ್ಲಿ ಅವರ ಮುಖ ಕಾಣುವುದು, ಇವು ಭಯದ ಲಕ್ಷಣಗಳು. ಕೆಟ್ಟದಾಗುತ್ತದೆ ಎಂಬ ನಿರೀಕ್ಷೆಯೇ ಮೈಯಲ್ಲಿ ನೋವು, ಸುಸ್ತು ತರಬಲ್ಲದು. ವೈದ್ಯರು ಇದನ್ನು ನೊಸೀಬೊ ಎನ್ನುತ್ತಾರೆ.

ಕಾಯಿಲೆ ಬಂದರೆ ಡಾಕ್ಟರ ಹತ್ತಿರ ಹೋಗಿ, ಶಾಪ ಎಂದುಕೊಂಡು ಕೂರಬೇಡಿ. ನಿಮಗಿಂತ ಮೊದಲು ಬಿಟ್ಟು ಬಂದು ಹತ್ತು ಹದಿನೈದು ವರ್ಷ ಆರಾಮಾಗಿ ಬಾಳಿದವರ ಜೊತೆ ಮಾತಾಡಿ. ಶಾಪದ ಭಯಕ್ಕೆ ಇದರಷ್ಟು ಒಳ್ಳೆಯ ಮದ್ದು ನಾನು ಕಂಡಿಲ್ಲ. ರಾತ್ರಿಗಳು ತೀರಾ ಕಷ್ಟವಾದರೆ ಆಪ್ತಸಮಾಲೋಚಕರನ್ನು ನೋಡಿ. ಅವರು ನಿಮ್ಮ ದೇವರನ್ನು ಬಿಡಿಸಲು ಬರುವುದಿಲ್ಲ.

ನಮ್ಮ ಅಕ್ಕ ಇನ್ನೂ ಅಲ್ಲೇ ಇದ್ದಾರೆ. ಏನು ಹೇಳಲಿ?

ಗುರುವಿನ ಬಗ್ಗೆ ವಾದ ಬೇಡ. ವಾದದಲ್ಲಿ ಗೆದ್ದರೂ ಅಕ್ಕ ಫೋನ್ ಎತ್ತುವುದನ್ನು ನಿಲ್ಲಿಸುತ್ತಾರೆ. ಹಬ್ಬ, ಹುಟ್ಟುಹಬ್ಬ, ಮಕ್ಕಳ ಸುದ್ದಿ ಎಂದು ಫೋನ್ ಮಾಡುತ್ತಿರಿ. "ಯಾವಾಗ ಬೇಕಾದರೂ ಬಾ ಅಕ್ಕ, ಯಾಕೆ ಬಂದೆ ಅಂತ ಯಾರೂ ಕೇಳಲ್ಲ" ಎಂದು ಒಮ್ಮೆ ಹೇಳಿ, ಆ ಮಾತಿಗೆ ನಿಲ್ಲಿ. ಪವಾಡಗಳ ಗುಟ್ಟು ಹೇಳಿ ಉಪಯೋಗವಿಲ್ಲ. ಹೊಡೆತ, ಮಕ್ಕಳಿಗೆ ಅಪಾಯ, ಔಷಧಿ ಬಿಡಿಸುವುದು ಕಂಡರೆ ಮಾತ್ರ ಕಾಯಬೇಡಿ. ಪೊಲೀಸರಿಗೂ ವೈದ್ಯರಿಗೂ ತಿಳಿಸಿ.

ನನ್ನ ನೆನಪುಗಳನ್ನು ಬರೆಯಬೇಕೆಂದಿದ್ದೇನೆ. ಹೇಗೆ?

ಹಳೆಯ ಗೆಳೆಯರ ಜೊತೆ ಮಾತಾಡುವ ಮೊದಲು ಒಬ್ಬರೇ ಕೂತು ಬರೆಯಿರಿ. ಕಣ್ಣಾರೆ ಕಂಡದ್ದು, ಬೇರೆಯವರು ಹೇಳಿದ್ದು, ಆಮೇಲೆ ನಿಮಗೆ ಅನಿಸಿದ್ದು, ಈ ಮೂರನ್ನು ಬೆರೆಸಬೇಡಿ. "ಕ್ರೂರಿ" ಎಂದು ಬರೆಯುವ ಬದಲು ಆಡಿದ ಮಾತನ್ನೇ ಬರೆಯಿರಿ. ಪವಾಡ ಎಂದು ನಂಬಿದ್ದನ್ನೂ ಅವತ್ತು ಕಂಡ ಹಾಗೆಯೇ ಬರೆಯಿರಿ, ಇವತ್ತಿನ ವಿವರಣೆಯನ್ನು ಅದರ ಕೆಳಗೆ ಬೇರೆಯಾಗಿ ಹಾಕಿ. ಅವರು ನಿಮಗೆ ಮಾಡಿದ ಉಪಕಾರ ಇದ್ದರೆ ಅದನ್ನೂ ಬಿಡಬೇಡಿ. ಇನ್ನೂ ಒಳಗಿರುವವರ ಹೆಸರು ಬರೆಯಬೇಡಿ, ಅವರ ಕಥೆ ಹೇಳುವ ಹಕ್ಕು ಅವರದು. ಹಳೆಯ ಪತ್ರ, ರಸೀದಿ, ಫೋಟೊ ಸಿಕ್ಕರೆ ತಾರೀಕು ಹಾಕಿ ಎತ್ತಿಡಿ. ಪ್ರಕಟ ಮಾಡುವ ಯೋಚನೆ ಇದ್ದರೆ ಮೊದಲು ವಕೀಲರೊಬ್ಬರಿಗೆ ಓದಲು ಕೊಡಿ.